ಫಂಕ್ಷನ್ ಹಾಲಿನಲ್ಲಿ ಕೂಡಿಹಾಕಿದವರು

ದೇವದುರ್ಗದ ಕಡೆಯ ಗುರುದೇವಿ ಹನ್ನೊಂದು ವರ್ಷದಿಂದ ಸಿಕಂದರಾಬಾದಿನ ಬಳಿಯ ಜೀಡಿಮೆಟ್ಲಾದ ಒಂದು ಫಂಕ್ಷನ್ ಹಾಲಿನಲ್ಲಿ ಕಸ ಗುಡಿಸಿ, ಪಾತ್ರೆ ತಿಕ್ಕಿಕೊಂಡಿದ್ದಳು. ಉಂಡುಬಿಟ್ಟ ಎಲೆ, ಕುಡಿದವರ ವಾಂತಿ, ಕಟ್ಟಿಕೊಂಡ ಮೋರಿ, ಯಾವುದಕ್ಕೂ ಮೂಗು ಮುಚ್ಚಿದವಳಲ್ಲ.

ಮದುವೆಗಳಿಲ್ಲದ ಆಷಾಢದಲ್ಲಿ ಪೊಲೀಸರು ಎರಡು ವ್ಯಾನಿನ ತುಂಬ ಹೆಂಗಸರು ಮಕ್ಕಳನ್ನು ತಂದು ಆ ಹಾಲಿನೊಳಗೆ ಕೂಡಿಹಾಕಿದರು. ಬರ್ಮಾದಲ್ಲಿ ಮನೆ ಸುಟ್ಟ ಮೇಲೆ ಓಡಿಬಂದು, ಈ ಊರಲ್ಲಿ ಚಿಂದಿ ಆಯ್ದು ಬದುಕುತ್ತಿದ್ದ ರೋಹಿಂಗ್ಯಾಗಳು. ಗಡಿಗೆ ಒಯ್ದು ಆಚೆ ನೂಕುತ್ತಾರಂತೆ ಎಂದ ಮ್ಯಾನೇಜರ್ ಶಾಂತಕುಮಾರ. ರಾಯಚೂರಿನವನು. ಅವರ ಊಟದ ಗುತ್ತಿಗೆಯನ್ನೂ ಅವನೇ ಹಿಡಿದಿದ್ದ. ಪಾಯಿಖಾನೆಗೆ ಬೀಗ ಹಾಕಿಸಿದವನೂ ಅವನೇ.

"ಶ್ರಾವಣದಾಗ ಮದುವಿ ಅದಾವ. ಇವ್ರು ಹೊಲಸು ಮಾಡ್ತಾರ. ಬಕೀಟು ಇಡು."

ಅವರಲ್ಲೊಬ್ಬಳು, ಎಂಟು ತಿಂಗಳ ಬಸುರಿ ಸೆನ್ವಾರಾ, ಗುರುದೇವಿಯೊಡನೆ ಹಿಂದಿಯಲ್ಲಿ ಮಾತಾಡಿದಳು. "ವಿಶ್ವಸಂಸ್ಥೆಯವರು ಕೊಟ್ಟ ನಿರಾಶ್ರಿತರ ಕಾರ್ಡು ಕಿತ್ತುಕೊಂಡರು, ದೀದಿ. ಅಲ್ಲಿಗೆ ಹೋದರೆ ಏನಾಗುತ್ತೆ ಅಂತ ಒಬ್ಬರಾದರೂ ಕೇಳಲಿಲ್ಲ."

ಮೂರನೆಯ ದಿನ ಮಧ್ಯಾಹ್ನ ಅವಳು ವೇದಿಕೆಯ ಹಿಂದೆ ಬಕೀಟಿನ ಮೇಲೆ ಕೂತಿದ್ದಳು. ಉಳಿದ ಹೆಂಗಸರು ಸುತ್ತ ದುಪಟ್ಟಾ ಹಿಡಿದು ನಿಂತಿದ್ದರು. ಬಾಗಿಲಲ್ಲಿದ್ದ ಪೇದೆ ನಗುತ್ತ ವೀಡಿಯೊ ತೆಗೆಯಲು ಫೋನ್ ಎತ್ತಿ ಹಿಡಿದ. ಅದೇ ಹೊತ್ತಿಗೆ ಬಡಿಸಲು ಬಂದ ಅನ್ನ ಹಿಂದಿನ ದಿನದ್ದು. ಮುಟ್ಟಿದರೆ ನೂಲಿನಂತೆ ಎಳೆ ಬರುತ್ತಿತ್ತು.

"ಇದು ಹಳಸೈತ್ರೀ," ಎಂದಳು ಗುರುದೇವಿ.

"ಅವ್ರಿಗೆ ಅದ ಭಾಳ ಆತು, ಬಡಸು," ಎಂದ ಶಾಂತಕುಮಾರ.

ಅವಳು ತಟ್ಟೆಗೆ ಅನ್ನ ಹಾಕಿಕೊಂಡು ನೇರ ಹೊರಗಿನ ವರಾಂಡಕ್ಕೆ ಹೋಗಿ, ಫ್ಯಾನಿನ ಕೆಳಗೆ ಕೂತಿದ್ದ ಪೊಲೀಸ್ ಅಧಿಕಾರಿಯ ಮುಂದೆ ಹಿಡಿದಳು. "ಸಾಬ್, ಪೈಲೇ ಆಪ್ ಖಾವೋ," ಮೊದಲು ನೀವು ತಿನ್ನಿ ಎಂದಳು.

ಅವನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದ.

"ವಾಸನಿ ಬಂತಲ್ಲ ನಿಮಗೂ!" ಹಿಂದಿ ಮರೆತು ಕನ್ನಡದಲ್ಲೇ ಚೀರಿದಳು. "ನನಗ ಅನ್ನಕ್ಕ ಹೇಸಿಗಿ ಆಗವಲ್ದು, ನಿಮ್ಮನ್ನ ನೋಡಿ ಆಗಾಕತ್ತೈತಿ!"

ಶಾಂತಕುಮಾರ ಅವಳ ರಟ್ಟೆ ಹಿಡಿದು ಗೇಟಿನ ಹೊರಗೆ ಬಿಟ್ಟ. ಕೆಲಸ ಹೋಯಿತು.

ಮಾರನೆಯ ಬೆಳಿಗ್ಗೆ ಆ ಹೆಂಗಸರ ಪರವಾಗಿ ಕೋರ್ಟಿಗೆ ಹೋಗಿದ್ದ ಲಹರಿ ಎಂಬ ವಕೀಲೆ ತಡೆಯಾಜ್ಞೆ ಹಿಡಿದು ಓಡಿಬಂದಾಗ ಹಾಲು ಖಾಲಿಯಾಗಿತ್ತು, ನೆಲವನ್ನು ಫಿನಾಯಿಲ್ ಹಾಕಿ ಒರೆಸಿದ್ದರು. ಇಲ್ಲಿ ಯಾರನ್ನೂ ಇಟ್ಟೇ ಇರಲಿಲ್ಲ ಎಂದು ಶಾಂತಕುಮಾರ ಬರೆದುಕೊಟ್ಟ. ಗುರುದೇವಿಗೂ ಫೋನ್ ಮಾಡಿದ: "ನಾ ಏನೂ ನೋಡಿಲ್ಲ ಅನ್ನು, ಮತ್ತ ಕೆಲಸಕ್ಕ ಬಾ."

"ನಿನ್ನ ಹಾಲಿನ ಮೆಟ್ಟಲ ತುಳಿಯಂಗಿಲ್ಲ," ಎಂದಳು.

ಅವಳು ನೋಡಿದ್ದೆಲ್ಲ ಲಹರಿಗೆ ಹೇಳಿ, ಕೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಈಗ ಸಿಕಂದರಾಬಾದಿನ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತಿಕ್ಕುತ್ತಾಳೆ. ಕೇಸು ಮೂರು ಸಲ ಮುಂದಕ್ಕೆ ಬಿದ್ದಿದೆ. ಸೆನ್ವಾರಾ ಎಲ್ಲಿ ಹೆತ್ತಳು, ಯಾವ ಗಡಿಯಲ್ಲಿ ಇಳಿಸಿದರು, ಯಾವ ದಫ್ತರದಲ್ಲೂ ಬರೆದಿಲ್ಲ.