ಜೇಬಿನ ನಟ್ಟು

ಅಘನಾಶಿನಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದರು. ಮನೆಯ ಪಂಪಿಗೆಂದು ನಾನು ನಟ್ಟು ಬಿಚ್ಚಿ ಬಿಗಿಯುವ ಪಾನಾ ಸೆಟ್ ಕೊಳ್ಳಲು ಕುಮಟೆಗೆ ಹೊರಟಾಗ ಜೊತೆಗೆ ಬಂದರು. ಅಂಗಡಿಯಲ್ಲಿ ಅವರು ಹೊಳಪು ನೋಡಲಿಲ್ಲ. ಸದಾ ಜೇಬಿನಲ್ಲಿರುತ್ತಿದ್ದ ಹಿತ್ತಾಳೆ ನಟ್ಟನ್ನು ಹದಿನಾಲ್ಕರ ಅಳತೆಯ ಪಾನಾಕ್ಕೆ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಅಲ್ಲಾಡ್ತದಾ ನೋಡು ತಮಾ. ಅಲ್ಲಾಡಿದ್ರೆ ನಟ್ಟಿನ ಮೂಲೆ ತಿಂತದೆ."

ಕೊನೆಗೆ ಒಂದು ಸೆಟ್ಟಿಗೆ "ಆತು, ಇದು ತಕೋ" ಅಂದರು.

ಮಳೆಗಾಲಕ್ಕೆ ಮುಂಚೆ ಒಂದು ದಿನ, "ಹದಿನಾಲ್ಕರದ್ದು ಕೊಡು, ನಾಳೆ ತಂದು ಕೊಡ್ತೆ" ಎಂದು ಇಸಕೊಂಡು ಹೋದರು. ಕಡಲಲ್ಲಿ ಕೆಟ್ಟುನಿಂತ ದೋಣಿಗೆ ಹೋದವರು ತಿರುಗಿ ಬರಲಿಲ್ಲ.

ಮೊನ್ನೆ ಪಂಪು ಕೆಟ್ಟಾಗ, ಅಂದಿನಿಂದ ಬೀಗ ಹಾಕಿಟ್ಟಿದ್ದ ಪಾನಾ ಪೆಟ್ಟಿಗೆ ತೆರೆದೆ. ಹದಿನಾಲ್ಕರದ್ದು ತನ್ನ ಜಾಗದಲ್ಲೇ ಇತ್ತು, ಒದ್ದೆಯಾಗಿ. ಅದರ ಬಾಯಲ್ಲಿ ಅದೇ ಹಿತ್ತಾಳೆ ನಟ್ಟು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಅಲ್ಲಾಡಲಿಲ್ಲ.