ಮಹಡಿ ಮನೆ ಆಂಟಿಯ ಕಾರ್ ಫ್ರಿಜ್

ಮುಚ್ಚಳ ತೆಗೆದ ಕೂಡಲೇ ಹುಳಿ ಮೊಸರು, ಇಂಗು, ಹಳೆಯ ರಬ್ಬರ್ ಎಲ್ಲ ಬೆರೆತ ವಾಸನೆ ಬಂತು. ಮಹಡಿ ಮನೆ ಆಂಟಿಯ ಕಾರ್ ಫ್ರಿಜ್. ಕಳೆದ ವಾರ ಅವರ ಅಣ್ಣ ಮನೆ ಖಾಲಿ ಮಾಡುವಾಗ ಅದನ್ನು ನಮ್ಮ ಜಗಲಿಯ ಮೇಲಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ ಎಂದು ಹೋದರು.

ಎನ್.ಆರ್. ಕಾಲೋನಿಯ ನಮ್ಮ ಮನೆಯ ಮಹಡಿಯಲ್ಲಿ ಆಂಟಿ ಒಬ್ಬರೇ ಬಾಡಿಗೆಗಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹಳೆಯ ಡೀಸೆಲ್ ಜೀಪು, ಒಂದು ಟೆಂಟ್, ಜೀಪಿನ ಬ್ಯಾಟರಿಯಿಂದ ಓಡುವ ಈ ಪುಟ್ಟ ಫ್ರಿಜ್, ಇಷ್ಟೇ ಅವರ ಆಸ್ತಿ. ಆಗಾಗ ಹೊಳೆ ದಂಡೆಗೋ ಬೆಟ್ಟದ ಬುಡಕ್ಕೋ ಹೊರಟುಬಿಡುತ್ತಿದ್ದರು. ಕಾಡಿಗೆ ಹೋಗುವವರಿಗೆ ಫ್ರಿಜ್ ಯಾಕೆ ಎಂದು ಬೀದಿಯವರು ನಗುತ್ತಿದ್ದರು.

"ಮೊಸರು ಹುಳಿಯಾದ್ರೆ ನಂಗೆ ಆನೆ ಕಂಡ್ರೂ ಖುಷಿಯಾಗಲ್ಲ," ಎನ್ನುತ್ತಿದ್ದರು ಆಂಟಿ.

ಆದರೂ ಅವರಿಗೆ ಮೊಸರಿಗಿಂತ ಜೀಪು ಮುಖ್ಯವಾಗಿತ್ತು. ಫ್ರಿಜ್ಜಿಗೊಂದು ಗುಂಡಿಯಿತ್ತು. ಅದನ್ನು 'ಎಚ್'ಗೆ ಇಟ್ಟರೆ ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಫ್ರಿಜ್ ತಾನಾಗಿ ನಿಲ್ಲುತ್ತಿತ್ತು. 'ಎಲ್'ಗೆ ಇಟ್ಟರೆ ಬ್ಯಾಟರಿಯನ್ನು ಹೀರುತ್ತಾ ಓಡುತ್ತಲೇ ಇರುತ್ತಿತ್ತು. ಆಂಟಿಯದು ಯಾವಾಗಲೂ ಎಚ್. ಕಾಡಿನಲ್ಲಿ ಜೀಪು ಕೈಕೊಟ್ಟರೆ ಕೇಳುವವರು ಯಾರು?

ಆ ಬೇಸಿಗೆಯಲ್ಲಿ ಮಂಡ್ಯದಲ್ಲಿದ್ದ ನನ್ನ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗುವನ್ನು ಬೆಂಗಳೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಗೆ ತಂದರು. ಆಪರೇಷನ್ನಿನ ಗಾಯ ಮಾಯದೆ ತಂಗಿ ಮಂಡ್ಯದಲ್ಲೇ ಉಳಿದಳು. ಮಗುವಿನ ಕರುಳು ತೀರಾ ಎಳೆಯದು, ತಾಯಿಯ ಹಾಲೇ ಆಗಬೇಕು ಎಂದರು ಡಾಕ್ಟರು. ಮೊದಲ ಸಲ ನಾನು ಅವಳ ಹಾಲನ್ನು ಐಸ್ ಡಬ್ಬಿಯಲ್ಲಿ ತಂದೆ. ದಾರಿಯಲ್ಲೇ ಐಸ್ ನೀರಾಗಿತ್ತು. ನರ್ಸ್ ಬಾಟಲಿ ಮುಟ್ಟಿ ನೋಡಿ, ಆಗಲ್ಲ ಎಂದು ತಲೆಯಾಡಿಸಿದರು. ಅಷ್ಟನ್ನೂ ಚೆಲ್ಲಬೇಕಾಯಿತು...

ಸಂಗತಿ ಕೇಳಿದ ಆಂಟಿ ಮರುಬೆಳಿಗ್ಗೆ ನನ್ನನ್ನೂ ಕೂರಿಸಿಕೊಂಡು ಮಂಡ್ಯಕ್ಕೆ ಜೀಪು ತೆಗೆದರು.

ಹಾಲು ತುಂಬಿಕೊಂಡು ಹಿಂದಿರುಗುವಾಗ ರಾಮನಗರದ ಬಳಿ ಲಾರಿಯೊಂದು ಮಗುಚಿ ದಾರಿ ಕಟ್ಟಿತ್ತು. ಹೊಸ ಹೆದ್ದಾರಿ ಆಗಿನ್ನೂ ಮುಗಿದಿರಲಿಲ್ಲ. ನಿಂತಲ್ಲೇ ನಿಂತು ಎಂಜಿನ್ ಕಾದುಹೋಯಿತು. ಆಂಟಿ ಅದನ್ನು ಆರಿಸಲೇಬೇಕಾಯಿತು. ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಗುಂಯ್ ಸದ್ದೂ ನಿಂತಿತು. ಅದರ ಪರದೆಯ ಮೇಲೆ ಒಳಗಿನ ಬಿಸಿಯ ಅಂಕಿ ಒಂದೊಂದಾಗಿ ಏರತೊಡಗಿತು.

ಆಂಟಿ ಗುಂಡಿಯ ಮೇಲೆ ಬೆರಳಿಟ್ಟು ಅಂಕಿಯನ್ನೇ ನೋಡಿದರು. ಆಮೇಲೆ 'ಎಲ್'ಗೆ ಒತ್ತಿದರು.

"ಆಂಟಿ, ಜೀಪ್ ಸ್ಟಾರ್ಟ್ ಆಗ್ದಿದ್ರೆ?"

"ಜೀಪ್ ನಿಂತ್ರೆ ತಳ್ಬೋದು. ಹಾಲು ಕೆಟ್ರೆ ಏನನ್ನ ತಳ್ತೀಯ?"

ಫ್ರಿಜ್ಜಿನ ಸದ್ದನ್ನೇ ಕೇಳುತ್ತಾ ಕೂತೆವು. ಅದು ಓಡಿದಷ್ಟೂ ಜೀಪಿನ ಜೀವ ಇಳಿಯುತ್ತಿತ್ತು. ನಿಂತರೋ...

ದಾರಿ ಬಿಟ್ಟಾಗ ಕೀಲಿ ತಿರುಗಿಸಿದರೆ ಟಕ್ ಎಂದಿತಷ್ಟೇ. ಹಿಂದೆ ಸಾಲಾಗಿ ಹಾರನ್. ನಾನು ಇಳಿದು ಒಂದು ಕೈ ಕೊಡಿ ಎಂದು ಕೇಳಿಕೊಂಡೆ. ಮದುವೆಗೆ ಹೊರಟಿದ್ದ, ರೇಷ್ಮೆ ಪಂಚೆ ಉಟ್ಟ ಒಬ್ಬರು ಬಂದು ಜೀಪಿನೊಳಗೆ ಇಣುಕಿದರು.

"ಏನ್ ಮೇಡಂ, ನಿಮ್ ಜ್ಯೂಸ್ ತಣ್ಣಗಿರ್ಲಿ ಅಂತ ನಾವು ಬಿಸಿಲಲ್ಲಿ ತಳ್ಬೇಕಾ?"

"ಜ್ಯೂಸ್ ಅಲ್ಲಪ್ಪ. ಆಸ್ಪತ್ರೇಲಿರೋ ಕೂಸಿಗೆ ತಾಯಿ ಹಾಲು," ಎಂದರು ಆಂಟಿ.

ಅವರು ಪಂಚೆ ಎತ್ತಿ ಕಟ್ಟಿದರು. ಆಮೇಲೆ ನಾನು ಯಾರನ್ನೂ ಕೇಳಿಕೊಳ್ಳಬೇಕಾಗಲಿಲ್ಲ. ಮುಂದಿನ ಕಾರಿನವರೂ ಇಳಿದು ಬಂದರು. ಜೀಪು ಕೆಮ್ಮಿತು, ನಿಂತಿತು, ಮತ್ತೆ ತಳ್ಳಿದಾಗ ಹಿಡಿದುಕೊಂಡಿತು.

ಆಸ್ಪತ್ರೆಯಲ್ಲಿ ನರ್ಸ್ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. ನೇರ ಒಳಗೆ ತೆಗೆದುಕೊಂಡು ಹೋದರು. ಆಂಟಿ ಅಲ್ಲೇ ಬೆಂಚಿನ ಮೇಲೆ ಕೂತರು.

ತಂಗಿ ಚೇತರಿಸಿಕೊಳ್ಳುವವರೆಗೂ ಆಂಟಿ ಹಾಗೇ ಓಡಾಡಿದರು. ಮಗು ಉಳಿಯಿತು. ಅವಳು ಈಗ ಶಾಲೆಗೆ ಹೋಗುತ್ತಾಳೆ. ಆ ಬೇಸಿಗೆಯಿಂದಾಚೆಗೆ ಆಂಟಿ ಜೀಪನ್ನು ಗೇಟಿನ ಮುಂದೆ ನಿಲ್ಲಿಸುವುದನ್ನು ಬಿಟ್ಟು, ಬೀದಿಯ ಇಳಿಜಾರಿನಲ್ಲಿ ನಿಲ್ಲಿಸತೊಡಗಿದರು. ಯಾಕೆಂದು ನಾನು ಕೇಳಿರಲಿಲ್ಲ. ಈ ಸಲದ ಮಳೆಗಾಲಕ್ಕೆ ಮೊದಲು ಅವರು ನಿದ್ದೆಯಲ್ಲೇ ಹೋದರು. ಜೀಪನ್ನು ಯಾರೋ ಕೊಂಡರು.

ನಿನ್ನೆ ಫ್ರಿಜ್ಜಿನ ವೈರನ್ನು ನನ್ನ ಕಾರಿಗೆ ಸಿಕ್ಕಿಸಿದೆ. ಗುಂಯ್ ಎಂದಿತು. ಪರದೆಯ ಮೂಲೆಯಲ್ಲಿ ಈಗಲೂ 'ಎಲ್'.

ಬದಲಾಯಿಸಲು ಹೋದ ಬೆರಳನ್ನು ಹಿಂತೆಗೆದುಕೊಂಡೆ. ಕಾರಿಳಿದು ಇಳಿಜಾರಿನ ಕಡೆ ನೋಡಿದೆ. ಅಲ್ಲಿ ಬ್ಯಾಟರಿ ಇಳಿದರೂ ತಳ್ಳುವವರು ಬೇಕಿರಲಿಲ್ಲ, ಜೀಪು ತಾನೇ ಉರುಳಿ ಹಿಡಿದುಕೊಳ್ಳುತ್ತಿತ್ತು. ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಡೀಸೆಲ್ ಕಲೆ ಮಾತ್ರ ಇತ್ತು.