ಎಲ್ಲದಕ್ಕೂ ‘ಇಲ್ಲ’ ಎಂದು ತುಂಬಿದ್ದ ಹಾಳೆ

ತಂಗಿ ತೀರಿಕೊಂಡು ಏಳು ತಿಂಗಳಾಗಿತ್ತು. ಅವಳ ಮಗಳನ್ನು ಭದ್ರಾವತಿಯಿಂದ ರಾಗಿಗುಡ್ಡದ ನನ್ನ ಮನೆಗೆ ಕರೆತಂದಿದ್ದೆ. ಎಂಟು ವರ್ಷದ ಹುಡುಗಿ. ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದಳು. ಹುಳದ ಮಾತ್ರೆ ಕೊಟ್ಟೆ, ದೃಷ್ಟಿ ತೆಗೆದೆ. ಹೊರಗೆ ಯಾರಾದರೂ ಬೈಕ್ ನಿಲ್ಲಿಸಿದ ಸದ್ದಾದರೆ ಸಾಕು, ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವಳಪ್ಪ ಮನೆಗೆ ಬರುತ್ತಿದ್ದದ್ದು ಬೈಕಿನಲ್ಲಿ.

ನಮ್ಮ ಸರ್ಕಾರಿ ಆಸ್ಪತ್ರೆಗೆ ಮಕ್ಕಳ ಮನಸ್ಸಿನ ಪೆಟ್ಟನ್ನು ಗುರುತಿಸಲು ಹೊಸ ಹಾಳೆಯೊಂದು ಬಂದಿತ್ತು. ಮನೆಯಲ್ಲಿ ಯಾರನ್ನಾದರೂ ಹೊಡೆಯುವುದನ್ನು ನೋಡಿದ್ದೀಯಾ, ಯಾರನ್ನಾದರೂ ಕಂಡರೆ ಭಯವಾಗುತ್ತಾ, ಹತ್ತಿರದವರು ತೀರಿಕೊಂಡಿದ್ದಾರಾ, ಇಂಥ ಪ್ರಶ್ನೆಗಳು. ಹೌದು ಎಂದಿದ್ದರೆ ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕರ ಹತ್ತಿರ ಕಳಿಸುತ್ತಾರೆ. ಇಲ್ಲ ಎಂದಿದ್ದರೆ ಟಾನಿಕ್ ಕೊಟ್ಟು ಮನೆಗೆ. ಮಾಚೇನಹಳ್ಳಿಯ ಫ್ಯಾಕ್ಟರಿ ಕೆಲಸಕ್ಕೆ ರಜೆ ಹಾಕಿ ಹುಡುಗಿಯನ್ನು ಕರೆದುಕೊಂಡು ಹೋದೆ.

ಬಾಗಿಲಲ್ಲೇ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಸಿಕ್ಕರು. ಬೀದಿಗೆಲ್ಲ ಅವರು ಅಕ್ಕ.

“ನಿಮ್ದು ನಾನೇ ತುಂಬಿ ಇಟ್ಟಿದೀನಿ ಮಾರಾಯ್ತಿ. ಇಡೀ ಬೀದೀದು ನಿನ್ನೆ ಮನೇಲಿ ಕೂತು ಮುಗಿಸ್ದೆ.”

ಹಾಳೆ ನೋಡಿದೆ. ಮುದ್ದಾದ ಅಕ್ಷರದಲ್ಲಿ ಇಲ್ಲ, ಇಲ್ಲ, ಇಲ್ಲ.

“ಇವಳ ಅಮ್ಮ ಸತ್ತಿಲ್ವಾ ಅಕ್ಕ?”

“ಹೌದು ಅಂದ್ರೆ ಹೆಂಗೆ ಸತ್ಲು ಅಂತಾರೆ. ಕಾಲು ಜಾರಿ ನಾಲೆಗೆ ಬಿದ್ಲು ಅಂತ ಎಲ್ಲಾ ಮುಗಿದೋಗಿದೆ. ಹೆಣ್ಮಗು. ನಾಳೆ ಗಂಡಿನ ಕಡೆಯೋರು ಕೇಳಿದ್ರೆ?”

“ಅವಳಿಗೆ ಎಂಟು ವರ್ಷ. ಗಂಡಿನ ಕಡೆಯೋರು ನಿಧಾನಕ್ಕೆ ಬರ್ಲಿ ಬಿಡಿ.”

ಅಕ್ಕ ಕೆಟ್ಟವರಲ್ಲ. ಬೀದಿಯ ಮಾನ ಕಾಯುವುದೂ ತಮ್ಮ ಡ್ಯೂಟಿ ಎಂದುಕೊಂಡವರು. ಅವರನ್ನು ಬೈಯಲು ನನಗೆ ಬಾಯಿಯೂ ಇರಲಿಲ್ಲ. ತಂಗಿ ಬಸುರಿಯಾಗಿದ್ದಾಗ ಭದ್ರಾವತಿಯ ಆಸ್ಪತ್ರೆಗೆ ಜೊತೆಗೆ ಹೋಗಿದ್ದವಳು ನಾನು. “ತೋಳು ಯಾಕಮ್ಮ ಹಿಂಗೆ ಕಪ್ಪಗಾಗಿದೆ?” ಎಂದು ನರ್ಸ್ ಕೇಳಿದರು. ತಂಗಿ ನನ್ನ ಮುಖ ನೋಡಿದಳು. “ಬಾಗಿಲು ತಗುಲಿದ್ದು ಸಿಸ್ಟರ್” ಎಂದು ಉತ್ತರ ಕೊಟ್ಟವಳು ನಾನು. ಅವಳನ್ನು ಮತ್ತೆ ಯಾರೂ ಕೇಳಲಿಲ್ಲ.

ಅಕ್ಕನ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಒಳಗೆ ಹೋಗಿ, ಹೊಸ ಹಾಳೆ ಕೊಡಿ ಎಂದೆ. ಅಕ್ಕ ಹಿಂದೆಯೇ ಬಂದರು.

“ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವೇನೇ?”

“ನಾನು ಎತ್ಕೊಂಡೇ ಓಡಾಡ್ತೀನಿ ಅಕ್ಕ. ತಗ್ಗಿಸ್ಬೇಕಾದೋನು ಭದ್ರಾವತೀಲಿ ಇದಾನೆ.”

ನರ್ಸ್ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಮೊದಲ ಪ್ರಶ್ನೆ ಓದಿದರು. ಹುಡುಗಿ ನನ್ನ ಮುಖ ನೋಡಿದಳು. ಅವಳಮ್ಮನದೇ ನೋಟ. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಈ ಸಲ ಸರಿಯಾದ ಉತ್ತರವೇ. ಆದರೂ ಎದ್ದುನಿಂತೆ.

“ಎಲ್ಲಿಗೆ ದೊಡ್ಡಮ್ಮ?”

“ಬಾಗಿಲ ಹತ್ರಾನೇ ಇರ್ತೀನಿ. ನಿಂಗೆ ಗೊತ್ತಿರೋದನ್ನ ನೀನೇ ಹೇಳು.”

ಅಕ್ಕನ ಮೊಣಕೈ ಹಿಡಿದು ಅವರನ್ನೂ ಹೊರಗೆ ಕರೆತಂದೆ. ಇಬ್ಬರೂ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆವು. ಒಳಗೆ ನರ್ಸ್ ಮೊದಲ ಪ್ರಶ್ನೆಯನ್ನೇ ಮತ್ತೆ ಓದಿದರು. ಆಮೇಲೆ ಹುಡುಗಿಯ ದನಿ ಬಂತು.

“ಹೌದು.”

ಜೋರಾಗಿಯೇ ಹೇಳಿದಳು. ಅಕ್ಕ ಧಡಕ್ಕನೆ ಎದ್ದರು. ನಾನು ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತೆ.